ಪ್ರಶ್ನೆ ಕೇಳಿದ ಮೇಲೆ

ಜುಲೈ ತಿಂಗಳ ಸಕಲೇಶಪುರ. ಗಾಳಿಗೆ ಎಲ್ಲೋ ಮರ ಬಿದ್ದು ಎರಡು ದಿನದಿಂದ ಕರೆಂಟ್ ಇರಲಿಲ್ಲ. ಮೊಬೈಲಿನಲ್ಲಿ ಉಳಿದಿದ್ದ ಅಷ್ಟಿಷ್ಟು ಚಾರ್ಜಿನಲ್ಲೇ, ಇಯರ್‌ಫೋನ್ ಹಾಕಿಕೊಂಡು, ನಾನು ಮಾಡಿದ ಪಾಠವನ್ನು ನಾನೇ ಕೇಳಲು ಕೂತೆ. ಅವತ್ತು ಬೆಳಿಗ್ಗೆ ಮಳೆ ಒಂದು ಗಂಟೆ ಹೊಳವಾಗಿತ್ತು. ಹೆಂಚಿನ ಮೇಲೆ ಸದ್ದಿಲ್ಲದ ಆ ಒಂದು ಗಂಟೆಯಲ್ಲಿ ಐದನೇ ತರಗತಿಯ ಗಣಿತದ ಪೀರಿಯಡ್ಡನ್ನು, ಫೋನ್ ಬೀರುವಿನ ಮೇಲಿಟ್ಟು ರೆಕಾರ್ಡ್ ಮಾಡಿಕೊಂಡಿದ್ದೆ.

"ಐವತ್ತೆರಡರಲ್ಲಿ ಮೂವತ್ತೆಂಟು ಕಳೆದ್ರೆ ಎಷ್ಟು?" ನನ್ನ ದನಿ. ಎಲ್ಲೋ ಒಂದು ಬೆಂಚು ಕಿರ್ರೆನ್ನುತ್ತದೆ. "ಹೇಳಿ, ಎಷ್ಟು? ಎರಡರಲ್ಲಿ ಎಂಟು ಹೋಗುತ್ತಾ? ಹೋಗಲ್ಲ. ಆಗ ಏನ್ಮಾಡ್ತೀವಿ? ಪಕ್ಕದ ಮನೆಯಿಂದ ಸಾಲ ತಗೋತೀವಿ. ಅಲ್ವಾ?"

"ಹೌದು ಮಿಸ್!" 23 ಮಕ್ಕಳು ಒಂದೇ ರಾಗದಲ್ಲಿ.

ಮತ್ತೆ ಹಿಂದಕ್ಕೆ ಹೋಗಿ ಕೇಳಿದೆ. ಪ್ರಶ್ನೆಯ ಕೊನೆಯ ಅಕ್ಷರದಿಂದ ನನ್ನ ಮುಂದಿನ ಮಾತಿಗೆ ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ನೋಡಿದೆ. ಒಂದು ಸೆಕೆಂಡು. ಕೆಲವು ಕಡೆ ಅಷ್ಟೂ ಇಲ್ಲ. 22 ನಿಮಿಷದಲ್ಲಿ 40ಕ್ಕೂ ಹೆಚ್ಚು ಪ್ರಶ್ನೆ ಕೇಳಿದ್ದೆ. ಅರ್ಧಕ್ಕರ್ಧ ನಾನೇ ಉತ್ತರ ಹೇಳಿದ್ದೆ, ಮಿಕ್ಕಿದ್ದರಲ್ಲಿ ಬಹುಪಾಲು ಹೌದು-ಇಲ್ಲದಲ್ಲೇ ಮುಗಿದಿದ್ದವು. ಒಂದು ಮಗು ಯೋಚಿಸಿ, ತನ್ನ ಮಾತಲ್ಲಿ, ಪೂರ್ತಿ ಒಂದು ವಾಕ್ಯ ಹೇಳಿದ್ದು ಎರಡೇ ಸಲ. ನಮ್ಮ ಮಕ್ಕಳು ಬಾಯಿ ಬಿಡುವುದಿಲ್ಲ, ತೋಟದ ಕಾರ್ಮಿಕರ ಲೈನ್ ಮನೆ ಮಕ್ಕಳಿಗೆ ಸಂಕೋಚ ಜಾಸ್ತಿ ಎಂದು ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಬಂದವಳು ನಾನು. ಅವರಿಗೆ ಬಾಯಿ ಬಿಡಲು ನಾನು ಕೊಟ್ಟಿದ್ದ ಅವಕಾಶ ಒಂದು ಸೆಕೆಂಡಿನದು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನೇ ಲೆಕ್ಕ ಹಾಕಿದ್ದರು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಬಹಳಷ್ಟು ತರಗತಿಗಳ ರೆಕಾರ್ಡಿಂಗ್ ಕೇಳಿ ಅವರು ಕಂಡುಕೊಂಡದ್ದು, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಕಾಯುತ್ತಾರೆ ಎಂದು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂರುವವರು ಕಡಿಮೆಯಾಗುತ್ತಾರೆ, ಮಕ್ಕಳೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಮಗು ಉತ್ತರ ಹೇಳಿದ ಮೇಲೂ "ಸರಿ", "ತಪ್ಪು" ಎನ್ನದೆ ಅಷ್ಟೇ ಹೊತ್ತು ಕಾಯಬೇಕು ಎಂಬ ಇನ್ನೊಂದು ಮಾತನ್ನೂ ಅವರು ಹೇಳಿದ್ದಾರೆ. ನನಗೆ ಕಷ್ಟವಾದದ್ದು ಆ ಎರಡನೆಯದೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಮಾಡಿದ್ದಕ್ಕೆ ಒಂದು ಹೆಸರಿದೆ: ಕ್ರಿಯಾ ಸಂಶೋಧನೆ, ಅಂದರೆ ನಮ್ಮ ಕೆಲಸವನ್ನು ನಾವೇ ಪರೀಕ್ಷಿಸಿ ತಿದ್ದಿಕೊಳ್ಳುವುದು. ಡಿ.ಎಡ್., ಬಿ.ಎಡ್. ಓದಿದವರಿಗೆಲ್ಲ ಗೊತ್ತಿರುವ ಪದ. ಆದರೆ ಆ ಪದ ಕೇಳಿದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಸ್ಪೈರಲ್ ಬೈಂಡಿಂಗ್ ಮಾಡಿದ ಒಂದು ವರದಿ ಮಾತ್ರ. ವರ್ಷಗಳ ಹಿಂದೆ ಒಂದು ತರಬೇತಿಯ ಕೊನೆಯಲ್ಲಿ, ಹದಿನೈದು ದಿನದೊಳಗೆ ಎಲ್ಲರೂ ಒಂದೊಂದು ಕ್ರಿಯಾ ಸಂಶೋಧನೆ ಮಾಡಿ ವರದಿ ಒಪ್ಪಿಸಬೇಕು ಎಂದರು. ಸಮಸ್ಯೆಯ ಆಯ್ಕೆ, ಸಂಭವನೀಯ ಕಾರಣಗಳು, ಕ್ರಿಯಾ ಪ್ರಾಕ್ಕಲ್ಪನೆ, ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ, ಸ್ತಂಭ ನಕ್ಷೆ. ತಲೆಬರಹಗಳೆಲ್ಲ ಮೊದಲೇ ಅಚ್ಚಾಗಿದ್ದವು. ಗೆಳತಿಯೊಬ್ಬಳು ತನ್ನ ಹಳೆಯ ವರದಿ ಕೊಟ್ಟಳು. ಅದರಲ್ಲಿ ಮಕ್ಕಳ ಹೆಸರು ಬದಲಾಯಿಸಿದೆ, ಅಂಕ ಬದಲಾಯಿಸಿದೆ, ಒಪ್ಪಿಸಿದೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನಮ್ಮ ತಂಡದ ಅಷ್ಟೂ ವರದಿಗಳಲ್ಲಿ ಎರಡನೇ ಸ್ತಂಭ ಮೊದಲನೆಯದಕ್ಕಿಂತ ಎತ್ತರವಾಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಎಷ್ಟೋ ಶಿಕ್ಷಕರು ಹೀಗೆಯೇ ಈ ವಿದ್ಯೆಯಿಂದ ದೂರ ಉಳಿದಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಪದವನ್ನು ಬಳಕೆಗೆ ತಂದ ಕರ್ಟ್ ಲೆವಿನ್‌ನ ಬಗ್ಗೆ ಆಮೇಲೆ ಓದಿದೆ. ಜರ್ಮನಿಯಲ್ಲಿದ್ದ ಯಹೂದಿ ಮನಶ್ಶಾಸ್ತ್ರಜ್ಞ, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದವನು. 1946ರಲ್ಲಿ ಬರೆದ ಲೇಖನದಲ್ಲಿ, ಬರೀ ಪುಸ್ತಕಗಳನ್ನು ಹುಟ್ಟಿಸುವ ಸಂಶೋಧನೆ ಸಾಲದು ಎಂದ. ಯೋಜನೆ ಮಾಡು, ಒಂದು ಹೆಜ್ಜೆ ಇಡು, ಏನಾಯಿತೆಂದು ನೋಡು, ನೋಡಿದ್ದರ ಮೇಲೆ ಮುಂದಿನ ಹೆಜ್ಜೆಯ ಯೋಜನೆ ಮಾಡು. ಸುತ್ತಿ ಸುತ್ತಿ ಮೇಲೇರುವ ಘಾಟಿ ರಸ್ತೆಯ ಹಾಗೆ ಅದು ನಡೆಯಬೇಕು ಎಂದು ನಾನು ಅರ್ಥ ಮಾಡಿಕೊಂಡೆ. ಮರುವರ್ಷವೇ ಆತ ತೀರಿಕೊಂಡ. 1953ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಕೋರಿ ಇದನ್ನು ಶಾಲೆಗಳಿಗೆ ತಂದರು. 1975ರಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್, ಶಿಕ್ಷಕರ ಕೆಲಸವನ್ನು ಬೇರೆಯವರು ಬಂದು ಅಧ್ಯಯನ ಮಾಡಿ ಹೋದರೆ ಸಾಲದು, ಶಿಕ್ಷಕರೇ ತಮ್ಮ ಕೆಲಸವನ್ನು ಅಧ್ಯಯನ ಮಾಡಬೇಕು ಎಂದರು.

ಓದುತ್ತಾ ಹೋದಂತೆ ನನಗೆ ಅಪ್ಪನ ನೆನಪಾಯಿತು. ಹಾನುಬಾಳಿನ ಕಡೆ ನಮಗೆ ಮೂರೆಕರೆ ಕಾಫಿ ತೋಟ. ಅಪ್ಪ ಓದಿದ್ದು ಏಳನೇ ಕ್ಲಾಸು. ಅಂಗಳದಲ್ಲಿ ಮಳೆ ಅಳೆಯುವ ಸಾಧನ, ಕಿಟಕಿಯ ಪಕ್ಕ ಮೊಳೆಗೆ ನೇತು ಹಾಕಿದ ಒಂದು ನೋಟ್‌ಬುಕ್ಕು. ದಿನಾ ಬೆಳಿಗ್ಗೆ ಎಂಟಕ್ಕೆ ಎಷ್ಟು ಇಂಚು ಎಂದು ಬರೆಯುತ್ತಿದ್ದರು. ಹೂ ಮಳೆ ಯಾವತ್ತು ಬಿತ್ತು, ಆಮೇಲಿನ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಯಾವ ಸಾಲಿನಲ್ಲಿ ಕಾಯಿ ಕಚ್ಚಿತು, ಎಲ್ಲವೂ ಅದರಲ್ಲಿ. 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಇದೆ. ಅಲ್ಲಿನವರು ಹೇಳಿದ್ದರಲ್ಲಿ ಅಪ್ಪನಿಗೆ ಬಹಳ ನಂಬಿಕೆ. ಆದರೂ ಕಾಂಡಕೊರಕಕ್ಕೆ ಸುಣ್ಣ ಬಳಿಯಿರಿ ಎಂದಾಗ ಮೊದಲು ಬಳಿದದ್ದು ಒಂದು ಸಾಲಿಗೆ ಮಾತ್ರ. ಪಕ್ಕದ ಸಾಲನ್ನು ಹಾಗೇ ಬಿಟ್ಟು, ಗುರುತಿಗೆ ಹಳೇ ಸೀರೆಯ ಅಂಚು ಕಟ್ಟಿದ್ದರು. "ಅವರ ಮಾತು ಸುಳ್ಳಲ್ಲ ಮಗಾ. ಆದ್ರೆ ನಮ್ಮ ನೆರಳು, ನಮ್ಮ ಇಳಿಜಾರು ಅವರು ನೋಡಿಲ್ವಲ್ಲ. ನಾವು ನೋಡ್ಬೇಕು" ಎನ್ನುತ್ತಿದ್ದರು. ಕ್ರಿಯಾ ಸಂಶೋಧನೆ ಎಂದರೇನು ಎಂದು ಈಗ ಯಾರಾದರೂ ಕೇಳಿದರೆ ನಾನು ಆ ಸೀರೆಯ ಅಂಚಿನ ಕಥೆ ಹೇಳುತ್ತೇನೆ.

ಸರಿ, ನನ್ನ ತರಗತಿಗೆ ಬರುತ್ತೇನೆ. ಮೂರು ಸೆಕೆಂಡು ಕಾಯುವುದೆಂದು ನಿಶ್ಚಯಿಸಿದೆ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಒಂದು, ಎರಡು, ಮೂರು. ಮೊದಲ ವಾರ ಪರಿಸ್ಥಿತಿ ಕೆಟ್ಟಿತು. ನಾನು ಸುಮ್ಮನಾದ ತಕ್ಷಣ ಮಕ್ಕಳು ತಲೆ ತಗ್ಗಿಸುತ್ತಿದ್ದರು. ಇಡೀ ಕೋಣೆ ಬಿಗಿದುಕೊಳ್ಳುತ್ತಿತ್ತು. ಮೊದಲು ಉತ್ತರ ಹೇಳುತ್ತಿದ್ದ ನಾಲ್ಕೈದು ಮಂದಿಯೂ ನಿಲ್ಲಿಸಿಬಿಟ್ಟರು. ಮಧ್ಯಾಹ್ನ ಕೈ ತೊಳೆಯುವ ಹತ್ತಿರ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಮಿಸ್‌ಗೆ ಈಗೀಗ ನಮ್ಮ ಮೇಲೆ ಸಿಟ್ಟು ಕಣೇ."

ನನ್ನ ಮೌನಕ್ಕೆ ಅವರ ಲೋಕದಲ್ಲಿ ಇದ್ದ ಅರ್ಥ ಅದೊಂದೇ. ಟೀಚರು ಸುಮ್ಮನಾದರೆಂದರೆ ಬೈಗುಳ ಬರುತ್ತದೆ. ಇಷ್ಟು ವರ್ಷ ನಾನೇ ಕಲಿಸಿಕೊಟ್ಟದ್ದು. ಮಾರನೇ ದಿನ ಪಾಠ ಬದಿಗಿಟ್ಟು, ಆ ರೆಕಾರ್ಡಿಂಗನ್ನು ಮಕ್ಕಳಿಗೇ ಕೇಳಿಸಿದೆ. "ನಾನು ನಿಮಗೆ ಯೋಚನೆ ಮಾಡೋಕೆ ಟೈಮೇ ಕೊಡ್ತಿರ್ಲಿಲ್ಲ. ಈಗ ಕೊಡೋದನ್ನ ಕಲೀತಾ ಇದ್ದೀನಿ. ನೀವು ಸಹಾಯ ಮಾಡ್ಬೇಕು" ಎಂದೆ. ಕೊನೇ ಬೆಂಚಿನ ಹುಡುಗನೊಬ್ಬ ಗೋಡೆ ಗಡಿಯಾರ ನೋಡಿ ಹೇಳುವ ಕೆಲಸ ವಹಿಸಿಕೊಂಡ. ನಾನು ಅವಸರ ಮಾಡಿದರೆ ಎರಡು ಬೆರಳು ಎತ್ತುತ್ತಿದ್ದ, ಅಷ್ಟೆ. ದಿನಕ್ಕೆ ಎಷ್ಟು ಸಲ ಬೆರಳು ಎತ್ತಿದೆ ಎಂದು ತನ್ನ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಹಾಕಿ ಇಟ್ಟ. ಹತ್ತೊಂಬತ್ತು, ಹದಿನಾರು, ಮತ್ತೆ ಹತ್ತೊಂಬತ್ತು, ಹನ್ನೊಂದು. ನನ್ನ ಹಳೆಯ ವರದಿಯ ಸ್ತಂಭಗಳು ಏರಿದಷ್ಟು ಚಂದವಾಗಿ ಆ ಗೆರೆಗಳು ಇಳಿಯಲಿಲ್ಲ. ಆದರೆ ಒಂದೊಂದು ಗೆರೆಯೂ ನಿಜವಾಗಿತ್ತು.

ಇನ್ನು ಕಳೆಯುವ ಲೆಕ್ಕ. 52ರಲ್ಲಿ 38 ಕಳೆಯಲು ಬರೆದುಕೊಟ್ಟರೆ 23 ಮಕ್ಕಳಲ್ಲಿ 11 ಮಂದಿಯ ಉತ್ತರ 26. ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಬಿಡುತ್ತಿದ್ದೆ. ಈ ಸಲ ಒಬ್ಬೊಬ್ಬರನ್ನೇ ಪಕ್ಕ ಕೂರಿಸಿಕೊಂಡು "ಹೇಗೆ ಮಾಡಿದೆ, ನನಗೂ ಹೇಳಿಕೊಡು" ಎಂದು ಕೇಳಿದೆ. ಎಂಟರಲ್ಲಿ ಎರಡು ಹೋದರೆ ಆರು, ಐದರಲ್ಲಿ ಮೂರು ಹೋದರೆ ಎರಡು. ಮೇಲಿರಲಿ ಕೆಳಗಿರಲಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು. ಎಲ್ಲರೂ ಅದೇ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಅದು ಅಜಾಗರೂಕತೆ ಎಂದು ನಾನು ತಿಳಿದಿದ್ದೆ. ಒಂದನೇ ಎರಡನೇ ತರಗತಿಯಲ್ಲಿ "ಯಾವಾಗ್ಲೂ ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು" ಎಂದು ನಾವೇ ಹೇಳಿಕೊಟ್ಟದ್ದನ್ನು ಅವರು ನಿಷ್ಠೆಯಿಂದ ಉಳಿಸಿಕೊಂಡಿದ್ದರು.

ಆ 11 ಮಂದಿಯಲ್ಲಿ ಒಬ್ಬಳು ಎಸ್ಟೇಟ್ ಲೈನಿನ ಹುಡುಗಿ. ಪುಸ್ತಕ ಮುಚ್ಚಿಸಿ, ಏನೋ ಹೊಳೆದು, "ಕುಯ್ಲಿನಲ್ಲಿ ನಿಮ್ಮಮ್ಮ 52 ಕೆ.ಜಿ. ಹಣ್ಣು ಕುಯ್ದ್ರು, ನಿನ್ನ ಚಿಕ್ಕಮ್ಮ 38. ಅಮ್ಮಂದು ಎಷ್ಟು ಜಾಸ್ತಿ?" ಎಂದು ಕೇಳಿದೆ. ಕಣ್ಣು ಮೇಲೆತ್ತಿದಳು. ತುಟಿ ಅಲುಗಾಡಿತು. ನಾನು ಬಾಯಿ ಬಿಗಿ ಹಿಡಿದು ಕೂತಿದ್ದೆ.

"ಹದಿನಾಲ್ಕು."

ತಕ್ಷಣ "ವೆರಿ ಗುಡ್" ಎನ್ನಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಕಾದೆ. ಆಗ ಅವಳೇ ಮುಂದುವರಿಸಿದಳು: "ಮೂವತ್ತೆಂಟಕ್ಕೆ ಎರಡು ಹಾಕಿದ್ರೆ ನಲವತ್ತು ಮಿಸ್, ಇನ್ನೊಂದ್ ಹತ್ತು ಐವತ್ತು, ಆಮೇಲೆ ಎರಡು. ಸಂಜೆ ತೂಕ ಹಾಕಿದ್ಮೇಲೆ ರೈಟರ್ ಬರ್ಕೊಂಡಿದ್ದು ಸರಿ ಇದ್ಯಾ ಅಂತ ನಾನೇ ಅಮ್ಮಂಗೆ ಹೇಳೋದು." ಉತ್ತರದ ನಂತರ ಕಾಯುವುದು ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ನಾನು ಮೆಚ್ಚಿ ಮಾತು ಮುಗಿಸಿದ್ದರೆ ಆ ದಾರಿ ನನಗೆ ಕಾಣುತ್ತಲೇ ಇರಲಿಲ್ಲ.

ಬ್ರೆಜಿಲ್‌ನ ರೆಸಿಫೆ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳನ್ನು ಅಲ್ಲಿನ ಸಂಶೋಧಕರು ಹೀಗೇ ಮಾತಾಡಿಸಿದ್ದರು. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ವ್ಯಾಪಾರದ ನಡುವೆ ಬಾಯಿಲೆಕ್ಕ ಕೇಳಿದಾಗ ಮಕ್ಕಳು ಶೇ. 98ರಷ್ಟು ಸರಿ ಹೇಳಿದರು. ಅದೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರೀ ಸಂಖ್ಯೆಗಳಾಗಿ ಕೊಟ್ಟಾಗ ಸರಿಯಾದದ್ದು ಶೇ. 37ರಷ್ಟು. ಇದನ್ನು ನಾನು ಮೊದಲೇ ಓದಿದ್ದರೂ, ಓ, ಬ್ರೆಜಿಲ್ ಕಥೆ ಎಂದು ಪುಟ ತಿರುವುತ್ತಿದ್ದೆನೋ ಏನೋ. ನನ್ನ ಪಕ್ಕದಲ್ಲಿ ಕೂತ ಹುಡುಗಿ ಹೇಳಿದ ಮೇಲೆ ಅದು ಸಕಲೇಶಪುರದ ಕಥೆಯೂ ಆಯಿತು.

ಅಲ್ಲಿಂದ ಮುಂದೆ ಸಾಲ ತೆಗೆದುಕೊಳ್ಳುವ ಮಾತನ್ನು ಆರು ವಾರ ನಿಲ್ಲಿಸಿದೆ. ಎಲ್ಲ ಕಳೆಯುವ ಲೆಕ್ಕವನ್ನೂ "ಇದರಿಂದ ಅದಕ್ಕೆ ಹೋಗೋಕೆ ಎಷ್ಟು ಬೇಕು" ಎಂದು ಕೇಳಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯಾರೇಖೆ ಎಳೆದು ಮಕ್ಕಳೇ ಜಿಗಿದರು. ಆಮೇಲೆ ಕಡ್ಡಿ ಕಟ್ಟುಗಳನ್ನು ಬಿಚ್ಚಿ, ಹತ್ತರ ಕಟ್ಟು ಬಿಡಿಯಾಗುವುದನ್ನು ತೋರಿಸಿ ಬರೆಯುವ ವಿಧಾನಕ್ಕೆ ಬಂದೆವು. ಸೆಪ್ಟೆಂಬರಿನಲ್ಲಿ 26 ಬರೆದವರು ಇಬ್ಬರು. ಆದರೆ 403ರಲ್ಲಿ 178 ಎಂದಾಗ ನಡುವಿನ ಸೊನ್ನೆಯಲ್ಲಿ ಒಂಬತ್ತು ಮಂದಿ ಮತ್ತೆ ಎಡವಿದರು. ಇನ್ನೊಂದು ಸುತ್ತು ಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಳೆಯ ವರದಿಯಲ್ಲಾಗಿದ್ದರೆ ಆ ಒಂಬತ್ತನ್ನು ಬರೆಯಲು ಜಾಗವೇ ಇರುತ್ತಿರಲಿಲ್ಲ.

ತರಗತಿಯ ಹೊರಗೂ ಇದು ನಡೆಯುತ್ತದೆಯೇ ಎಂಬುದಕ್ಕೆ ನಮ್ಮ ಬಿಸಿಯೂಟದ ಕಥೆ ಹೇಳಬೇಕು. ಸೀಮೆಬದನೆ, ಬೀನ್ಸ್, ಕುಂಬಳಕಾಯಿ ಹಾಕಿ ಮಾಡಿದ ಸಾಂಬಾರಿನ ತರಕಾರಿಯನ್ನು ಮಕ್ಕಳು ತಟ್ಟೆಯಲ್ಲೇ ಬಿಡುತ್ತಿದ್ದರು. ಪ್ರಾರ್ಥನೆಯಲ್ಲಿ ನಾನು ವಿಟಮಿನ್ ಬಗ್ಗೆ ಭಾಷಣ ಮಾಡುತ್ತಿದ್ದೆ. ಮಾರನೇ ದಿನವೂ ಅಷ್ಟೇ ಉಳಿಯುತ್ತಿತ್ತು. ಲೆವಿನ್‌ನ ಇನ್ನೊಂದು ಕೆಲಸ ಓದಿದಾಗ ನನಗೆ ಇದೇ ಹೊಳೆದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಒಳ್ಳೆಯ ಮಾಂಸದ ಕೊರತೆ. ಅಮೆರಿಕದ ಗೃಹಿಣಿಯರು ಗುಂಡಿಗೆ, ಮೂತ್ರಪಿಂಡದಂಥ ಭಾಗಗಳನ್ನೂ ಅಡುಗೆಗೆ ಬಳಸುವಂತೆ ಮಾಡಬೇಕಿತ್ತು. ಕೆಲವು ಗುಂಪುಗಳಿಗೆ ಉಪನ್ಯಾಸ ಕೊಟ್ಟರು. ಕೆಲವು ಗುಂಪುಗಳಲ್ಲಿ ಹೆಂಗಸರೇ ಕೂತು ಚರ್ಚಿಸಿ ತೀರ್ಮಾನ ಮಾಡಿದರು. ಉಪನ್ಯಾಸ ಕೇಳಿದವರಲ್ಲಿ ಮನೆಯಲ್ಲಿ ಮಾಡಿ ನೋಡಿದವರು ಶೇ. 3, ಚರ್ಚಿಸಿ ತೀರ್ಮಾನಿಸಿದವರಲ್ಲಿ ಶೇ. 32.

ಅಡುಗೆಯವರನ್ನೂ, ಆರು-ಏಳನೇ ತರಗತಿಯ ಕೆಲವು ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡೆವು. ನಮ್ಮ ಅಡುಗೆಯ ದೊಡ್ಡಕ್ಕ ಆ ಶಾಲೆಯಲ್ಲಿ ನನಗಿಂತ ಹಳಬರು. ಅಷ್ಟು ವರ್ಷದಲ್ಲಿ ಅವರನ್ನು ಯಾರೂ ಒಂದು ಸಭೆಗೆ ಕರೆದಿರಲಿಲ್ಲ. ಬಾಗಿಲ ಬಳಿಯೇ ನಿಂತಿದ್ದರು. "ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದೆ. ಮಕ್ಕಳು ಹೋಳು ದೊಡ್ಡದಾಗುತ್ತದೆ ಎಂದರು, ಬೀನ್ಸ್ ಬೆಂದಿರುವುದಿಲ್ಲ ಎಂದರು. ಕೊನೆಗೆ ದೊಡ್ಡಕ್ಕ ಮೆಲ್ಲಗೆ ಹೇಳಿದರು: "ಬಡಿಸುವಾಗ ತಳ ಕಲಕಲ್ಲ ಮೇಡಂ. ಮೊದಲು ಬರೋ ಚಿಕ್ಕ ಮಕ್ಕಳಿಗೆ ಮೇಲಿನ ತಿಳಿ ಬೀಳುತ್ತೆ. ಹೋಳೆಲ್ಲ ತಳದಲ್ಲಿ. ಕೊನೆಗೆ ಬರೋ ದೊಡ್ಡೋರಿಗೆ ಒಂದೇ ಸಲ ಅಷ್ಟೂ ಬೀಳುತ್ತೆ. ಅವ್ರು ತಾನೇ ಎಷ್ಟು ತಿಂತಾರೆ?"

ನಾನು ಭಾಷಣ ಮಾಡುತ್ತಿದ್ದಷ್ಟು ಕಾಲವೂ ಈ ಮಾತು ಅವರಲ್ಲಿತ್ತು. ಒಂದನೇ ತರಗತಿಯ ಮಕ್ಕಳಿಗೆ, ಯಾರಿಗೆ ತರಕಾರಿ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೆ, ಅದು ಹೋಗುತ್ತಲೇ ಇರಲಿಲ್ಲ. ಹೋಳು ಚಿಕ್ಕದು ಮಾಡುವುದು, ಮೂರು ಮಕ್ಕಳಿಗೊಮ್ಮೆ ತಳ ಕಲಕುವುದು, ಮೊದಲು ಸ್ವಲ್ಪ ಬಡಿಸಿ ಕೇಳಿದರೆ ಮತ್ತೆ ಹಾಕುವುದು ಎಂದು ತೀರ್ಮಾನವಾಯಿತು. ತಟ್ಟೆಯಲ್ಲಿ ಉಳಿದದ್ದನ್ನು ಸುರಿಯುವ ಬಕೆಟ್ಟಿಗೆ, ಅವತ್ತು ಎಷ್ಟಿತ್ತೋ ಅಲ್ಲಿಗೆ, ದೊಡ್ಡಕ್ಕನೇ ಮೊಳೆಯಿಂದ ಒಂದು ಗೀರು ಹಾಕಿದರು. ಮೂರು ವಾರದ ಹೊತ್ತಿಗೆ ಅದರ ಕೆಳಗೆ ಇನ್ನೂ ನಾಲ್ಕು ಗೀರು ಬಿದ್ದವು. ಸೀಮೆಬದನೆಯ ದಿನ ಮಾತ್ರ ಈಗಲೂ ಮೇಲಿನ ಗೀರಿನ ಹತ್ತಿರಕ್ಕೇ ಬರುತ್ತದೆ.

ಇಂಥದ್ದರಿಂದ ಏನು ಸಾಬೀತಾಗುತ್ತದೆ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. 23 ಮಕ್ಕಳು, ಒಬ್ಬ ಶಿಕ್ಷಕಿ, ಅಪ್ಪನ ಪಕ್ಕದ ಸಾಲಿನ ಹಾಗೆ ಹೋಲಿಸಿ ನೋಡಲು ಇನ್ನೊಂದು ತರಗತಿಯೂ ಇಲ್ಲ. ಮಕ್ಕಳು ಆ ಮೂರು ತಿಂಗಳಲ್ಲಿ ಹೇಗಿದ್ದರೂ ಒಂದಷ್ಟು ಬೆಳೆಯುತ್ತಿದ್ದರು. ಹಾಗಾಗಿ ಎಲ್ಲ ಶಾಲೆಗಳಿಗೂ ಇದೇ ಮದ್ದು ಎಂದು ನಾನು ಹೇಳಲಾರೆ, ಹೇಳಬಾರದು ಕೂಡ. ನಾನು ಹೇಳಬಲ್ಲದ್ದು ನನ್ನ ತರಗತಿಯ ಮಟ್ಟಿಗೆ. ನಾಳೆ ಬೆಳಿಗ್ಗೆ ಅಲ್ಲಿ ನಿಂತು ಪಾಠ ಮಾಡುವವಳು ನಾನೇ ಆದ್ದರಿಂದ ನನಗೆ ಅಷ್ಟು ತಿಳಿಯುವುದು ಬಹಳ ಮುಖ್ಯ.

ಒಬ್ಬರೇ ಮಾಡುವುದು ಕಷ್ಟ ಎಂಬುದನ್ನೂ ಹೇಳಬೇಕು. ನಮ್ಮ ಕಣ್ಣಿಗೆ ನಮ್ಮ ರೂಢಿ ಕಾಣುವುದಿಲ್ಲ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಪರಿಚಯವಾದ ಪಕ್ಕದೂರಿನ ಮೇಡಂ ಒಬ್ಬರು ಈಗ ತಿಂಗಳಿಗೊಮ್ಮೆ ನನ್ನ ತರಗತಿಯಲ್ಲಿ ಹಿಂದೆ ಕೂರುತ್ತಾರೆ, ನಾನು ಅವರಲ್ಲಿಗೆ ಹೋಗುತ್ತೇನೆ. ತಪ್ಪು ಹುಡುಕುವುದಿಲ್ಲ ಎಂದು ಮೊದಲೇ ಮಾತಾಡಿಕೊಂಡಿದ್ದೇವೆ. "ಇವತ್ತು ನಾನು ಯಾರನ್ನು ಒಮ್ಮೆಯೂ ಮಾತಾಡಿಸಲಿಲ್ಲ, ಅದನ್ನು ಮಾತ್ರ ನೋಡಿ" ಎಂದು ಒಂದೇ ಪ್ರಶ್ನೆ ಕೊಡುತ್ತೇವೆ. ಮಾಹಿತಿ ತುಂಬುವ ಕೆಲಸ, ಗಣತಿ, ಚುನಾವಣೆ ಎಲ್ಲದರ ನಡುವೆ ತಿಂಗಳಿಗೊಂದು ಪೀರಿಯಡ್ಡು ಹೊಂದಿಸುವುದೇ ದೊಡ್ಡ ಸಾಹಸ. ಆನೆ ಹಿಂಡು ರಸ್ತೆಗೆ ಬಂದಿದೆ ಎಂದು ಎರಡು ಸಲ ಅವರು ಅರ್ಧ ದಾರಿಯಿಂದ ವಾಪಸ್ ಹೋಗಿದ್ದಾರೆ.

ಹೋದ ತಿಂಗಳು ಬಂದಾಗ ಅವರು ಕೊಟ್ಟ ಚೀಟಿಯಲ್ಲಿ ಒಬ್ಬ ಹುಡುಗನ ಹೆಸರಿತ್ತು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದವನು, ಕಿಟಕಿ ಪಕ್ಕ ಕೂರುತ್ತಾನೆ, ಲೆಕ್ಕ ಯಾವತ್ತೂ ಸರಿ ಇರುತ್ತದೆ. ಸರಿ ಇರುವುದರಿಂದಲೇ ನಾನು ಅವನನ್ನು ಮಾತಾಡಿಸುವುದಿಲ್ಲ ಎಂದು ಆಗ ಗೊತ್ತಾಯಿತು. ಮೊನ್ನೆ ಪಕ್ಕ ಕೂತು "ಹೇಗೆ ಮಾಡಿದೆ ಪುಟ್ಟ, ನನಗೂ ಹೇಳಿಕೊಡು" ಎಂದೆ. ಪೆನ್ಸಿಲ್ ಸುಮ್ಮನೆ ಹಿಡಿದು ಬಹಳ ಹೊತ್ತು ನೋಡಿದ. ಹತ್ತು ಸೆಕೆಂಡಿಗೂ ಮೇಲಾಗಿರಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಎರಡು ಬೆರಳು ಮೇಲೆ ಬಂದವು.

"ಇರಿ ಮಿಸ್" ಎಂದಳು ಎಸ್ಟೇಟ್ ಲೈನಿನ ಹುಡುಗಿ, "ಅವನು ಮೊದಲು ಅವನ ಭಾಷೇಲಿ ಹೇಳ್ಕೋತಾನೆ, ಆಮೇಲೆ ಕನ್ನಡದಲ್ಲಿ ಹೇಳ್ತಾನೆ."